50ನೇ ಭಾಷಣ ಮುಗಿದ ಮರುದಿನ

ನಿನ್ನೆ ನಮ್ಮ ವಿದ್ಯಾರ್ಥಿ ಸಂಘದ 50ನೇ ಭಾಷಣ ಮುಗಿಯಿತು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಇದನ್ನು ಬರೆಯಲು ಕೂತಿದ್ದೇನೆ.

ಸರ್ಕಾರ ಹೇಗೆ ನಡೆಯುತ್ತದೆ, ಕಾನೂನು ಯಾರ ಮನೆ ತನಕ ಹೋಗುತ್ತದೆ, ಯಾರ ಮನೆ ಬಾಗಿಲಲ್ಲಿ ನಿಂತುಬಿಡುತ್ತದೆ? ಇದನ್ನು ಬಲ್ಲವರನ್ನೇ ಕರೆಸಿ ಕೇಳೋಣ ಅಂತ ನಾವು 7 ಜನ ಶುರು ಮಾಡಿದ್ದು. ಮೊದಲ ಸಂಜೆ ನಮ್ಮನ್ನೂ ಸೇರಿಸಿ 11 ಜನ ಇದ್ದೆವು. ನಿನ್ನೆ ಕುರ್ಚಿ ಸಾಲದೆ ಎಷ್ಟೋ ಜನ ಮೆಟ್ಟಿಲ ಮೇಲೆ ಕೂತು ಕೇಳಿದರು.

ಪ್ರತಿ ಸಲ ಅನುಮತಿ ಪತ್ರಕ್ಕೆ ಸಹಿ ಹಾಕಿ ಬೆನ್ನಿಗೆ ನಿಂತ ನಮ್ಮ ಸಲಹೆಗಾರ ಮೇಡಂ, ಪೋಸ್ಟರ್ ಬರೆದ ಜೂನಿಯರ್‌ಗಳು, ಕುರ್ಚಿ ಹೊತ್ತವರು, ಗೌರವಧನ ಕೇಳದೆ ಬಂದ ಎಲ್ಲ ಅತಿಥಿಗಳು, ನಿಮಗೆಲ್ಲ ಮನಸಾರೆ ಧನ್ಯವಾದ. ಅದರಲ್ಲೂ ಭಾಷಣ ಮುಗಿದ ಮೇಲೆ ಒಂದು ಗಂಟೆ ಜಾಸ್ತಿ ಕೂತು, ಮಾಹಿತಿ ಹಕ್ಕಿನ ಅರ್ಜಿ ಬರೆಯುವುದನ್ನು ಒಬ್ಬೊಬ್ಬರಿಗೂ ಹೇಳಿಕೊಟ್ಟ ನಿವೃತ್ತ ಅಧಿಕಾರಿಯನ್ನು ಮರೆಯಲು ಸಾಧ್ಯವಿಲ್ಲ.

ಇನ್ನು ಮುಂದೆ ಬರೆಯುವುದೆಲ್ಲ ಒಬ್ಬರ ಬಗ್ಗೆ. ಸಭಾಂಗಣದ ಅಟೆಂಡರ್ ಅಣ್ಣನ ಬಗ್ಗೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ನಮಗೆಲ್ಲ ಅವರು ಅಣ್ಣ ಅಷ್ಟೇ.

31ನೇ ಭಾಷಣದ ಸಂಜೆ ಒಬ್ಬ ಹುಡುಗಿ ಪ್ರಶ್ನೆ ಕೇಳುವಾಗ ದೊಡ್ಡ ಗಲಾಟೆಯಾಯಿತು. ಅದನ್ನೆಲ್ಲ ಇಲ್ಲಿ ಮತ್ತೆ ಹೇಳುವುದಿಲ್ಲ. ಎಲ್ಲರೂ ಹೋದ ಮೇಲೆ ನಾನೊಬ್ಬಳೇ ಉಳಿದೆ. ಖಾಲಿ ಸಭಾಂಗಣದಲ್ಲಿ ಕೂತು, ಸಂಘವನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ ಅಂತ ಪತ್ರ ಬರೆಯಲು ಶುರು ಮಾಡಿದೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತೆ. ಅಷ್ಟು ಹೊತ್ತು ಯಾರ ಮುಂದೆಯೂ ಅತ್ತಿರಲಿಲ್ಲ.

ಅಣ್ಣ ಬಾಗಿಲು ಹಾಕಲು ಬಂದವರು ಹಾಕದೆ ನಿಂತರು. ಏನೂ ಕೇಳಲಿಲ್ಲ. ಎರಡು ಸಾಲು ದೂರದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತರು. ಅವರ ಡ್ಯೂಟಿ ಮುಗಿದು ಆಗಲೇ ಎಷ್ಟು ಹೊತ್ತಾಗಿತ್ತೋ. ನನ್ನ ಅಳು ನಿಂತ ಮೇಲೆ, 'ಏನಮ್ಮ ಬರೀತಿದ್ದೀರಿ?' ಅಂದರು. ಓದಿ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದು ಇದು: 'ಆ ಹುಡುಗಿ ಪ್ರಶ್ನೆ ಕೇಳ್ತಿದ್ಲಲ್ಲ, ಮೈಕ್ ಆಫ್ ಮಾಡಿ ಅಂತ ನೀವು ಸನ್ನೆ ಮಾಡಿದ್ರಿ. ನಾನು ಮಾಡ್ದೆ. ಅದು ತಪ್ಪಮ್ಮ. ನಿಮ್ದೂ ತಪ್ಪು, ನಂದೂ ತಪ್ಪು. ಮಿಕ್ಕಿದ್ದೆಲ್ಲ ಬರೀ ಗಲಾಟೆ.'

ಇಡೀ ಸಂಜೆ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಗೆಳೆಯರು 'ನಿನ್ನದೇನೂ ತಪ್ಪಿಲ್ಲ' ಅಂದಿದ್ದರು. ಬೇರೆಯವರು ಎಲ್ಲವೂ ನನ್ನದೇ ತಪ್ಪು ಅಂದಿದ್ದರು. ಅಣ್ಣ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದರು, ಅದರಲ್ಲಿ ಅರ್ಧವನ್ನು ತಾವೇ ಹೊತ್ತುಕೊಂಡರು.

ಆಮೇಲೆ ನನಗೆ ಗೊತ್ತಾಯಿತು, ಅವರು ನಮ್ಮ ಒಂದೇ ಒಂದು ಭಾಷಣ ಬಿಟ್ಟಿರಲಿಲ್ಲ. ಹಿಂದೆ ಆಂಪ್ಲಿಫೈಯರ್ ಪಕ್ಕ ನಿಂತುಕೊಂಡೇ ಎಲ್ಲವನ್ನೂ ಕೇಳಿದ್ದರು. ಹೆಂಗಸರ ಮತದ ಹಕ್ಕಿನ ಬಗ್ಗೆ ನಡೆದ ಭಾಷಣ ಅವರಿಗೆ ಇಸವಿ ಸಮೇತ ನೆನಪಿತ್ತು. ನ್ಯೂಜಿಲೆಂಡ್‌ನಲ್ಲಿ 1893ರಲ್ಲೇ ಸಿಕ್ಕಿತು. ಸ್ವಿಟ್ಜರ್ಲೆಂಡ್‌ನಲ್ಲಿ ದೇಶದ ಚುನಾವಣೆಗೆ ಮತ ಹಾಕುವ ಹಕ್ಕು ಸಿಗಲು 1971 ಆಗಬೇಕಾಯಿತು. ಅದಕ್ಕೂ ಮೊದಲು 1959ರಲ್ಲಿ ಅಲ್ಲಿನ ಗಂಡಸರೇ ಮತ ಹಾಕಿ ಬೇಡ ಅಂದಿದ್ದರು. 'ಅಷ್ಟು ಸೋತ ಮೇಲೂ ಆ ಹೆಂಗಸರು 12 ವರ್ಷ ಬಿಡಲಿಲ್ವಂತೆ. ನೀವು ಒಂದು ಸಂಜೆಗೇ ಬಾಗಿಲು ಹಾಕ್ತೀರಾ?' ಅಂದರು. ಆ ಭಾಷಣವನ್ನು ಏರ್ಪಡಿಸಿದವಳು ನಾನು. ನನಗೆ 1959 ನೆನಪೇ ಇರಲಿಲ್ಲ.

ಜೇಬಿನಿಂದ ಒಂದು ಮಡಿಸಿದ ಕಾಗದ ತೆಗೆದು ತೋರಿಸಿದರು. ಮಾಹಿತಿ ಹಕ್ಕಿನ ಭಾಷಣ ಕೇಳಿದ ಮೇಲೆ, ತಾಯಿಯ ಪಿಂಚಣಿ ಯಾಕೆ ನಿಂತಿದೆ ಅಂತ ಅವರೂ ಅರ್ಜಿ ಹಾಕಿದ್ದರಂತೆ. ಅಂಥ ಕಾನೂನು ಸ್ವೀಡನ್‌ನಲ್ಲಿ 1766ರಲ್ಲೇ ಬಂದಿತ್ತು, ಭಾರತಕ್ಕೆ ಬಂದದ್ದು 2005ರಲ್ಲಿ, 30 ದಿನದೊಳಗೆ ಉತ್ತರ ಕೊಡಬೇಕು ಅಂತ ಆ ದಿನ ಅತಿಥಿ ಹೇಳಿದ್ದರು. ಅಣ್ಣ ಕ್ಯಾಲೆಂಡರ್‌ನಲ್ಲಿ ದಿನ ಎಣಿಸಿದ್ದರು. 28ನೇ ದಿನಕ್ಕೆ ಉತ್ತರ ಬಂದಿತ್ತು. ಒಂದು ದಾಖಲೆ ಕಡಿಮೆ ಇದೆ ಅಂತ ಇತ್ತು, ಅಷ್ಟೇ. ಹಣ ಇನ್ನೂ ಬಂದಿರಲಿಲ್ಲ. ಆದರೂ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. 'ಎರಡು ವರ್ಷ ನಾಳೆ ಬಾ ಅಂತಿದ್ರು. ಈಗ ಬರೆದು ಕೊಟ್ಟಿದ್ದಾರೆ' ಅಂದರು.

ನಾವು ವಿದ್ಯಾರ್ಥಿಗಳಿಗೆ ಅಂತ ಮಾಡುತ್ತಿದ್ದ ಕೆಲಸ, ನಾವು ಎಣಿಕೆಗೇ ತೆಗೆದುಕೊಳ್ಳದ ಒಬ್ಬರ ಮನೆಗೆ ತಲುಪಿತ್ತು. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಒಂದು ದಿನವೂ ಬರೆದಿರಲಿಲ್ಲ. ಇದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಅವತ್ತು ರಾತ್ರಿ ಮೂರು ಗಂಟೆ ತನಕ ಕೂತೆವು. ಆ ಪತ್ರ ಹರಿದು, ಆ ಹುಡುಗಿಗೆ ಬೇರೆ ಪತ್ರ ಬರೆದೆ. ಕ್ಷಮೆ ಕೇಳಿದೆ, ಮುಂದಿನ ಸಭೆಯಲ್ಲಿ ಮೊದಲ ಪ್ರಶ್ನೆ ನಿಮ್ಮದೇ ಅಂದೆ. ಅವಳು ಬಂದಳು. ಈಗ ನಮ್ಮ ಸಂಘದಲ್ಲೇ ಇದ್ದಾಳೆ. ಅಲ್ಲಿಂದ ಈಚೆಗೆ ನಮ್ಮಲ್ಲಿ ಭಾಷಣ 40 ನಿಮಿಷ, ಪ್ರಶ್ನೆಗೂ 40 ನಿಮಿಷ. ಹಿಂದೆಂದೂ ಕೇಳದವರಿಗೆ ಮೊದಲ ಅವಕಾಶ. ಪ್ರಶ್ನೆ ಮುಗಿಯುವ ತನಕ ಮೈಕ್ ಆಫ್ ಮಾಡುವುದಿಲ್ಲ. ಭಾಷಣವನ್ನು ಎಲ್ಲಿ ಬೇಕಾದರೂ ಕೇಳಬಹುದು. ಎದುರಿಗೆ ನಿಂತು 'ಯಾಕೆ?' ಅಂತ ಕೇಳಲು ಜಾಗ ಸಿಗುವುದು ಕಷ್ಟ, ಅಲ್ವಾ? ಸಂಘ ಇರಬೇಕಾದದ್ದು ಅದಕ್ಕೇ ಅಂತ ನಾನು ಈಗ ಗಟ್ಟಿಯಾಗಿ ನಂಬಿದ್ದೇನೆ. ಮುಂದಿನ ವರ್ಷ ಸಂಘ ನಡೆಸುವವರಿಗೂ ಇದನ್ನೇ ಹೇಳಿದ್ದೇನೆ.

ಅಣ್ಣ, ಆ ರಾತ್ರಿ ನೀವು ಸುಮ್ನೆ ಬಾಗಿಲು ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. 32ರಿಂದ 50ರ ತನಕದ ಒಂದೊಂದು ಭಾಷಣವೂ ನಿಮ್ಮಿಂದ ನಡೆದದ್ದು.

ನಿನ್ನೆ ಮೊದಲ ಸಾಲಿನಲ್ಲಿ ಅವರಿಗೊಂದು ಕುರ್ಚಿ ಇಟ್ಟಿದ್ದೆವು. ಬಂದು ನೋಡಿ ನಕ್ಕರು, ಕೂರಲಿಲ್ಲ. 'ಮೈಕ್ ಹತ್ರ ಯಾರಿರ್ತಾರಮ್ಮ?' ಅಂತ ಹಿಂದಕ್ಕೆ ಹೋದರು. ನಾವು ಆ ಕುರ್ಚಿಯನ್ನೇ ಎತ್ತಿಕೊಂಡು ಹೋಗಿ ಆಂಪ್ಲಿಫೈಯರ್ ಪಕ್ಕ ಇಟ್ಟೆವು. ಹಾಜರಿ ಪುಸ್ತಕ ಮೊದಲು ಅವರ ಕೈಗೆ ಕೊಟ್ಟೆವು.