ಎಣಿಕೆಯ ಜೊತೆ ಮೇವಿನ ಸುದ್ದಿಯೂ ಬರಲಿ

ಮಾನ್ಯ ಸಂಪಾದಕರೇ,

ಕಾಡುಪ್ರಾಣಿಗಳ ಗಣತಿ ಸುದ್ದಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಂಖ್ಯೆ. ಜಾಸ್ತಿಯಾದರೆ ಖುಷಿ, ಕಮ್ಮಿಯಾದರೆ ಗಾಬರಿ. ಅವಕ್ಕೆ ಮೇವು ಎಷ್ಟಿದೆ, ನೀರಿದೆಯಾ, ಮರಿ ಹಾಕಲು ಜಾಗ ಇದೆಯಾ ಅನ್ನುವುದು ಬರುವುದೇ ಅಪರೂಪ. ಸಂಖ್ಯೆಗೆ ಕಡಿವಾಣ ಹಾಕುವುದು ಅವೇ ಅಲ್ವಾ?

ಹೋದ ಮಳೆಗಾಲದಲ್ಲಿ ಅಕ್ಕಪಕ್ಕದ ಎರಡು ನೀರುಗುಂಡಿಗಳ ಹತ್ತಿರ ದಿನಾ ಕೂತು ಗೊದಮೊಟ್ಟೆಗಳನ್ನು ನೋಡುತ್ತಿದ್ದೆ. ಒಂದರಲ್ಲಿ ನೀರೇ ಕಪ್ಪಾಗಿ ಕಾಣುವಷ್ಟು ಗಿಜಿಗುಡುತ್ತಿದ್ದವು. ಇನ್ನೊಂದರಲ್ಲಿ ಇದ್ದದ್ದು ಹತ್ತಿಪ್ಪತ್ತು. ಆ ಹತ್ತಿಪ್ಪತ್ತು ಬೇಗ ದಪ್ಪಗಾದವು, ಕಾಲು ಮೂಡಿತು, ದಡ ಹತ್ತಿದವು. ಗಿಜಿಗುಡುತ್ತಿದ್ದವು ಮಾತ್ರ ಕಾಳುಮೆಣಸಿನಷ್ಟೇ ಉಳಿದವು. ಆಮೇಲೆ ಮಳೆ ನಿಂತಿತು. ಬಿಸಿಲು ಎರಡೂ ಗುಂಡಿಗೆ ಒಂದೇ. ಆದರೆ ಮೇವು ಸಾಲದೆ ಸೊರಗಿದವು ನೀರು ಬತ್ತುವ ಹೊತ್ತಿಗೆ ಕಾಲು ಮೂಡದೆ ಕೆಸರಲ್ಲೇ ಸತ್ತವು.

ಅಲಾಸ್ಕಾದ ಸೇಂಟ್ ಮ್ಯಾಥ್ಯೂ ದ್ವೀಪದಲ್ಲಿ ಇದೇ ಕಥೆ ದೊಡ್ಡದಾಗಿ ನಡೆಯಿತು. 1944ರಲ್ಲಿ ಅಲ್ಲಿಗೆ 29 ಹಿಮಸಾರಂಗಗಳನ್ನು ತಂದು ಬಿಟ್ಟರು. ತೋಳದ ಕಾಟ ಇರಲಿಲ್ಲ. ನೆಲದ ಮೇಲೆ ಕಲ್ಲುಹೂವಿನ ದಪ್ಪ ಹಾಸು, ಚಳಿಗಾಲಕ್ಕೆ ಅದೇ ಅವುಗಳ ಮೇವು. 1957ಕ್ಕೆ ಸುಮಾರು 1,350 ಆದವು, 1963ಕ್ಕೆ 6,000. ಎಣಿಸಿದವರಿಗೆ ಹಬ್ಬವೇ ಅನಿಸಬೇಕು. ಆದರೆ ಆ ಹೊತ್ತಿಗೇ ಅವುಗಳ ಮೈತೂಕ ಇಳಿದಿತ್ತು. ಮರಿಗಳೂ ಕಮ್ಮಿಯಾಗಿದ್ದವು. ಕಲ್ಲುಹೂವು ಬಲು ನಿಧಾನ ಬೆಳೆಯುವಂಥದ್ದು, ತಿಂದಷ್ಟು ಬೇಗ ಮತ್ತೆ ಚಿಗುರುವುದಿಲ್ಲ. ಮುಂದಿನ ಚಳಿಗಾಲ ಹಿಮ ಜೋರಾಗಿ ಬಿತ್ತು. 1966ರಲ್ಲಿ ಹೋಗಿ ನೋಡಿದರೆ ಉಳಿದಿದ್ದದ್ದು 42. ಅದರಲ್ಲಿ ಗಂಡು ಒಂದೇ, ಅದರ ಕೊಂಬೂ ಸರಿಯಾಗಿ ಬೆಳೆದಿರಲಿಲ್ಲ. 1980ರ ದಶಕದ ಹೊತ್ತಿಗೆ ಅವೂ ಇಲ್ಲವಾದವು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ತೋಳ, ಹುಲಿಯಂಥ ಬೇಟೆ ಪ್ರಾಣಿಗಳನ್ನು ನಾವು ಸುಮ್ನೆ ಜಿಂಕೆಗಳ ಶತ್ರು ಅಂದುಬಿಡುತ್ತೇವೆ. ಹುಲ್ಲು ಉಳಿಯುವುದರಲ್ಲಿ ಅವುಗಳ ಪಾಲೂ ಇದೆ. ರೋಗವೂ ಅಷ್ಟೇ, ಹಿಂಡು ದಟ್ಟವಾದಷ್ಟೂ ಬೇಗ ಹರಡುತ್ತದೆ.

ಹಾಗಾಗಿ ನನ್ನದೊಂದು ಮನವಿ. ಇನ್ನು ಮುಂದೆ ಗಣತಿ ವರದಿ ಮಾಡುವಾಗ ನಿಮ್ಮ ವರದಿಗಾರರು ಇನ್ನೆರಡು ಪ್ರಶ್ನೆ ಕೇಳಲಿ. ಪ್ರಾಣಿಗಳು ಮೈಕೈ ತುಂಬಿಕೊಂಡಿವೆಯಾ? ಈ ವರ್ಷ ಹುಟ್ಟಿದ ಮರಿಗಳಲ್ಲಿ ಎಷ್ಟು ಬದುಕಿವೆ? ಉತ್ತರ ಸಿಕ್ಕರೆ ಅದನ್ನು ಸಂಖ್ಯೆಯ ಪಕ್ಕದಲ್ಲೇ ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ