ತಟ್ಟೆಯ ವ್ರತದಷ್ಟೇ ನಾಲಿಗೆಯ ವ್ರತವೂ ಬೇಕು

ಮಾನ್ಯ ಸಂಪಾದಕರೇ,

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ಕಾಸರಗೋಡು ಭಾಗದ ನಮ್ಮ ಕಥೋಲಿಕ ಮನೆಗಳಲ್ಲಿ ಊಟದ ನಿಯಮಗಳು ಕಟ್ಟುನಿಟ್ಟಾಗಿಯೇ ನಡೆಯುತ್ತವೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರದಂದು 18ರಿಂದ 59 ವರ್ಷದವರು ಉಪವಾಸವಿರಬೇಕು, 14 ತುಂಬಿದವರೆಲ್ಲ ಮಾಂಸ ವರ್ಜಿಸಬೇಕು ಎಂಬುದು ಧರ್ಮಸಭೆಯ ಕಟ್ಟಳೆ. ಅದನ್ನೂ ಮೀರಿ ಈಸ್ಟರ್‌ವರೆಗೆ ಮಾಂಸ, ಮದ್ಯ ಮುಟ್ಟದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. (ಶುಕ್ರವಾರ ಕೋಳಿ ಬಿಟ್ಟು ಅಂಜಲ್ ಮೀನು ಹುರಿದು ತಿನ್ನಲು ಕಟ್ಟಳೆಯ ಅಡ್ಡಿಯಿಲ್ಲ ಎಂಬುದು ಬೇರೆ ಮಾತು.) ಈ ಶ್ರದ್ಧೆಯನ್ನು ಹಗುರವಾಗಿ ಕಾಣಲು ನಾನು ಬರೆಯುತ್ತಿಲ್ಲ.

ಆದರೆ ಹೊರಗಿನಿಂದ ಒಳಗೆ ಹೋಗುವುದು ಮನುಷ್ಯನನ್ನು ಮಲಿನಗೊಳಿಸುವುದಿಲ್ಲ, ಹೃದಯದಿಂದ ಹೊರಡುವುದೇ ಮಲಿನಗೊಳಿಸುತ್ತದೆ ಎಂದು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಯೇಸು ಹೇಳುವಾಗ, ವ್ಯಭಿಚಾರದ ಪಕ್ಕದಲ್ಲೇ ದುರಾಶೆ, ಮೋಸ, ಹೊಟ್ಟೆಕಿಚ್ಚು, ಪರನಿಂದೆ, ಗರ್ವಗಳನ್ನೂ ಹೆಸರಿಸುತ್ತಾರೆ. ನಾವಾದರೋ ಪರಿಶುದ್ಧ ಬದುಕಿನ ಪ್ರಸ್ತಾಪ ಬಂದೊಡನೆ ಹದಿಹರೆಯದ ಮಕ್ಕಳ ಕಡೆಗೆ, ಅದರಲ್ಲೂ ಹೆಣ್ಣುಮಕ್ಕಳ ಕಡೆಗೆ ನೋಡುತ್ತೇವೆ. ಉಳಿದದ್ದು ಹಿರಿಯರಿಗೆ ಸಂಬಂಧಿಸಿದ್ದೆಂದು ನಮಗೆ ತೋಚುವುದೇ ಇಲ್ಲ. ಅಡಿಕೆ ಸುಲಿದವರ ಕೂಲಿಯನ್ನು ಬರುವ ವಾರಕ್ಕೆ ತಳ್ಳಿ ಭಾನುವಾರದ ಪೂಜೆಗೆ ಮುಂದಿನ ಸಾಲಿನಲ್ಲಿ ಕೂರುವುದು ನಮಗೆ ಮುಜುಗರದ ಸಂಗತಿಯಾಗಿ ಉಳಿದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು ನಾಲಿಗೆ, ಈಗ ಅದರ ಜೊತೆಗೆ ಹೆಬ್ಬೆರಳು. ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರದ ಚರ್ಚುಗಳು ಕೇರಳದ ನೆಲದಲ್ಲಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ನಮ್ಮಲ್ಲಿ ಹಲವರ ಮನೆಮಾತು ಕೊಂಕಣಿ, ಓದು ಕನ್ನಡದಲ್ಲಿ, ಸರ್ಕಾರಿ ಕಾಗದ ಮಲಯಾಳದಲ್ಲಿ. ಚಾಡಿಗೆ ಈ ಮೂರೂ ಚೆನ್ನಾಗಿಯೇ ಬರುತ್ತವೆ. ಮುರಿದ ನಿಶ್ಚಿತಾರ್ಥ, ಗಲ್ಫ್‌ನಿಂದ ಅವಧಿಗೆ ಮುನ್ನ ಮರಳಿದ ಮಗ, ಗಂಡನ ಮನೆ ಬಿಟ್ಟು ಬಂದ ಮಗಳು, ಹೀಗೆ ಒಂದು ಮನೆಯ ಸಂಕಟ ಸಂಜೆಯ ಜಪಮಾಲೆ ಮುಗಿಯುವ ಮೊದಲೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತಿ ಬಂದಿರುತ್ತದೆ. ಕೇಳಿದರೆ "ಇದ್ದದ್ದನ್ನೇ ಹೇಳಿದ್ದಲ್ಲವೇ" ಎಂಬ ಸಮಜಾಯಿಷಿ ಸಿದ್ಧವಿರುತ್ತದೆ. ಈ ಸಮಜಾಯಿಷಿ ನಿಲ್ಲುವುದಿಲ್ಲ. ಧರ್ಮಸಭೆಯ ಅಧಿಕೃತ ಧರ್ಮೋಪದೇಶವು ದೇವರ ಹತ್ತು ಆಜ್ಞೆಗಳಲ್ಲಿ ಎಂಟನೆಯದಾದ ‘ಸುಳ್ಳು ಸಾಕ್ಷಿ ಹೇಳಬೇಡ’ ಎಂಬುದನ್ನು ವಿವರಿಸುತ್ತಾ, ಸುಳ್ಳು ಆರೋಪವನ್ನಷ್ಟೇ ಅಲ್ಲ, ಇನ್ನೊಬ್ಬರ ನಿಜವಾದ ತಪ್ಪನ್ನು ತಕ್ಕ ಕಾರಣವಿಲ್ಲದೆ ತಿಳಿಯದವರಿಗೆ ತಿಳಿಸುವುದನ್ನೂ, ಸಾಕಷ್ಟು ಆಧಾರವಿಲ್ಲದೆ ಕೆಟ್ಟದ್ದನ್ನು ನಂಬಿಬಿಡುವುದನ್ನೂ ಪಾಪವೆಂದೇ ಹೇಳುತ್ತದೆ. ಕೆಡಿಸಿದ ಹೆಸರಿಗೆ ಪರಿಹಾರ ಮಾಡಿಕೊಡುವ ಹೊಣೆ, ಕ್ಷಮೆ ದೊರೆತ ಮೇಲೂ ತಪ್ಪುವುದಿಲ್ಲ ಎಂದೂ ಅದೇ ಭಾಗದಲ್ಲಿದೆ. ನಾವು ಮಕ್ಕಳಾಗಿದ್ದಾಗ ಧರ್ಮಶಿಕ್ಷಣದ ತರಗತಿಯಲ್ಲಿ ಬಾಯಿಪಾಠ ಮಾಡಿದ ಆಜ್ಞೆಯ ಈ ಅರ್ಧ ನಮ್ಮಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿದೆಯೋ!

ಆದ್ದರಿಂದ ನಮ್ಮ ಧರ್ಮಗುರುಗಳಲ್ಲಿ ಮತ್ತು ವಾಳೆಯ (ಚರ್ಚಿನ ವ್ಯಾಪ್ತಿಯ ಒಂದೊಂದು ವಾರ್ಡಿನ) ಮುಖ್ಯಸ್ಥರಾದ ಗುರಿಕಾರರಲ್ಲಿ ನನ್ನದೊಂದು ವಿನಂತಿಯಿದೆ. ತಪಸ್ಸು ಕಾಲದ ವಾಳೆ ಸಭೆಗಳಲ್ಲಿ ಈ ವಿಷಯವನ್ನು ಬಿಡಿಸಿ ಹೇಳಲಿ. ಗುಂಪಿನಲ್ಲಿ ಹಬ್ಬಿಸಿದ ಸುಳ್ಳನ್ನು ಅದೇ ಗುಂಪಿನಲ್ಲಿ ಹಿಂತೆಗೆದುಕೊಳ್ಳುವುದು, ನೊಂದವರ ಮನೆಗೆ ಹೋಗಿ ಮಾತನಾಡುವುದು, ಇವೂ ಪ್ರಾಯಶ್ಚಿತ್ತದಲ್ಲಿ ಸೇರುತ್ತವೆಂದು ತಿಳಿಸಲಿ. ಈಸ್ಟರ್‌ಗೆ ಮುನ್ನ ಪಾಪನಿವೇದನೆಗೆ ಸಾಲು ನಿಲ್ಲುವ ಮೊದಲೇ ಇದು ನಡೆದರೆ ಒಳ್ಳೆಯದು.

ಇತಿ,
ಓದುಗರೊಬ್ಬರು, ಕಾಸರಗೋಡು ಜಿಲ್ಲೆ