ಸಿಡಿಯುವ ಸೈಲೆನ್ಸರ್‌ಗೆ ಕಡಿವಾಣ ಬೇಕು

ಮಾನ್ಯರೇ,

ಬೆಂಗಳೂರಿನ ಬಡಾವಣೆಗಳಲ್ಲಿ ನಡುರಾತ್ರಿ ಪಟಾಕಿ ಹೊಡೆದಂತೆ ಸದ್ದು ಮಾಡುತ್ತಾ ಸಾಗುವ ಸ್ಪೋರ್ಟ್ಸ್ ಕಾರುಗಳ ಬಗ್ಗೆ, ಅಂಥದೇ ಕಾರೊಂದನ್ನು ಇಟ್ಟುಕೊಂಡಿರುವವನಾಗಿ ಈ ಪತ್ರ ಬರೆಯುತ್ತಿದ್ದೇನೆ. ಆ ಸಿಡಿತಕ್ಕೂ ಎಂಜಿನ್ನಿನ ಶಕ್ತಿಗೂ ಸಂಬಂಧವಿಲ್ಲ. ಆಕ್ಸಿಲರೇಟರ್ ಬಿಟ್ಟ ಮೇಲೂ ಪೆಟ್ರೋಲ್ ಹರಿಯುವಂತೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ (ಇಸಿಯು) ತಂತ್ರಾಂಶವನ್ನು ತಿದ್ದಿ, ಅದು ಎಕ್ಸಾಸ್ಟ್ ಕೊಳವೆಯೊಳಗೆ ಉರಿಯುವಂತೆ ಮಾಡಿದ್ದರ ಫಲವದು. ಆ ಶಾಖಕ್ಕೆ, ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಕೆಲವರಂತೂ ಅದನ್ನೇ ಕಿತ್ತುಹಾಕಿಸುವುದರಿಂದ ಕಾರ್ಬನ್ ಮಾನಾಕ್ಸೈಡ್ ನೇರವಾಗಿ ಬೀದಿಗೆ ಬರುತ್ತದೆ. ಹಂಪ್‌ಗಳನ್ನು ಓರೆಯಾಗಿ ಹತ್ತಿಸಿದರೂ ತಳ ಕೆರೆಯುವ ನಮ್ಮ ರಸ್ತೆಗಳಲ್ಲಿ, ಇಂಥ ಮಾರ್ಪಾಡಿಗೆ ಸುರಿಯುವ ಹಣವನ್ನು ಒಳ್ಳೆಯ ಟೈರು, ಬ್ರೇಕ್ ಪ್ಯಾಡುಗಳಿಗೆ ಹಾಕುವುದೇ ಲೇಸು.

ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟಪಡಿಸಿದೆ. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದಮಿತಿ 45 ಡೆಸಿಬೆಲ್. ಬೈಕುಗಳ ಸೈಲೆನ್ಸರ್‌ಗಳನ್ನು ರೋಡ್ ರೋಲರ್ ಅಡಿಗೆ ಹಾಕಿಸುವ ಪೊಲೀಸರಿಗೆ ದುಬಾರಿ ಕಾರು ಕಂಡಾಗ ಅದೇ ಉತ್ಸಾಹ ಇರುವುದಿಲ್ಲವೇಕೆ? ಮಾಲೀಕರ ಜೊತೆಗೆ, ಇಂಥ ಕೊಳವೆ ಜೋಡಿಸಿಕೊಡುವ ಗ್ಯಾರೇಜುಗಳ ಮೇಲೂ ಸಾರಿಗೆ ಇಲಾಖೆ ಕ್ರಮ ಜರುಗಿಸಬೇಕು.

— ಓದುಗ, ಜಯನಗರ, ಬೆಂಗಳೂರು